ಪದಚರ್ಚೆ: ಬಂಗುಡೆಯ ಕಿವಿರಿನ ‘ಹುಳ’, ಸಮಪದಿಯೋ ಸಮಪಾದಿಯೋ?

ಬಲ್ಲವರೆಲ್ಲರಿಗೆ ನಮಸ್ಕಾರ.

ಐಸೊಪಾಡ್ ಎಂಬ ಪ್ರಾಣಿಗಣಕ್ಕೆ ಕನ್ನಡದಲ್ಲಿ ‘ಸಮಪದಿ’ ಎಂದು ಬರೆಯಬೇಕೋ ‘ಸಮಪಾದಿ’ ಎಂದು ಬರೆಯಬೇಕೋ ಎಂಬುದು ನನ್ನ ಮೊದಲ ಪ್ರಶ್ನೆ. ಆ ಗಣದ ಒಳಗಿನ ಗುಂಪುಗಳನ್ನು ಏನೆಂದು ಕರೆಯುವುದು ಎಂಬುದು ಎರಡನೆಯದು. ನನ್ನ ನಿದ್ದೆ ಕೆಡಿಸಿರುವುದು ಈ ಎರಡನೆಯದೇ. ಪ್ರೌಢಶಾಲೆಯ ಮಕ್ಕಳಿಗಾಗಿ ಕಡಲ ಜೀವಿಗಳ ಪುಸ್ತಕವೊಂದನ್ನು ಬರೆಯುತ್ತಿದ್ದೇನೆ. ಏಡಿ, ಸೀಗಡಿಗಳ ಅಧ್ಯಾಯ ಸಲೀಸಾಗಿ ಮುಗಿಯಿತು. ಅವುಗಳ ಈ ಬಂಧುಗಳ ಬಳಿಗೆ ಬಂದಾಗ ಬರವಣಿಗೆ ನಿಂತುಬಿಟ್ಟಿತು.

ಪ್ರಾಣಿ ಯಾವುದೆಂದು ಹೇಳಿಬಿಡುತ್ತೇನೆ. ಮೀನು ತಿನ್ನುವ ಮನೆಗಳಲ್ಲಿ ಅದನ್ನು ನೋಡದವರು ಕಡಿಮೆ. ಬಂಗುಡೆಯ ಕಿವಿರಿನ ಮುಚ್ಚಳ ಎತ್ತಿದಾಗ ಒಮ್ಮೊಮ್ಮೆ ಒಳಗೆ ಎರಡು ಮೂರು ಸೆಂಟಿಮೀಟರ್ ಉದ್ದದ ಮಾಸಲು ಬಣ್ಣದ ಜೀವಿಯೊಂದು ಮೈಯನ್ನು ಒಂದು ಬದಿಗೆ ತಿರುಚಿಕೊಂಡು ಕುಳಿತಿರುತ್ತದೆ. ನಮ್ಮ ಮನೆಯಲ್ಲಿ ಅದನ್ನು ‘ಹುಳ’ ಎಂದು ಕಿತ್ತು ಎಸೆಯುತ್ತಿದ್ದರು. ಅದು ಹುಳವಲ್ಲ, ಏಡಿಯ ಬಳಗದ ಕಠಿಣಚರ್ಮಿ. ಎಣಿಸಿದರೆ ಏಳು ಜೊತೆ ಕಾಲುಗಳು ಸಿಗುತ್ತವೆ, ಒಂದೊಂದು ಕಾಲಿನ ತುದಿಯಲ್ಲೂ ಕೊಕ್ಕೆ. ವಿಜ್ಞಾನದಲ್ಲಿ ಅದರ ಹೆಸರು ನೋರಿಲೆಕಾ ಇಂಡಿಕಾ. ಈ ಹೆಸರಿನ ಹಿಂದೆ ಒಂದು ಕಥೆಯಿದೆ, ಅದನ್ನು ಮುಂದೆ ಹೇಳುತ್ತೇನೆ.

ಇದು ಸೇರಿರುವ ಗಣದಲ್ಲಿ ಇದುವರೆಗೆ ಹೆಸರು ಪಡೆದ ಪ್ರಭೇದಗಳು 10,000ಕ್ಕೂ ಹೆಚ್ಚು. ಹೆಚ್ಚುಕಡಿಮೆ ಅರ್ಧದಷ್ಟು ನೆಲದ ಮೇಲಿವೆ. ಹೂಕುಂಡ ಎತ್ತಿದಾಗ ಅಡಿಯಲ್ಲಿ ಕಾಣುವ, ಮುಟ್ಟಿದರೆ ಗೋಲಿಯಂತೆ ಸುರುಳಿಯಾಗುವ ಬೂದುಬಣ್ಣದ ಜೀವಿ ಅವುಗಳಲ್ಲೊಂದು. ಸಿಹಿನೀರಿನವು ಕೆಲವೇ. ಉಳಿದವೆಲ್ಲ ಕಡಲಿನವು. ಮೇಲಿನಿಂದ ಅಮುಕಿದ ಅವಲಕ್ಕಿಯಂಥ ಚಪ್ಪಟೆ ಮೈ, ತೊಟ್ಟಿಲ್ಲದ ಕಣ್ಣು, ಹೊಟ್ಟೆಯ ಅಡಿಯ ಎಲೆಯಂಥ ಅಂಗಗಳಿಂದ ಉಸಿರಾಟ, ಮೊಟ್ಟೆಗಳನ್ನು ಇಟ್ಟುಕೊಳ್ಳಲು ತಾಯಿಯ ಎದೆಯಡಿಯಲ್ಲಿ ಒಂದು ಚೀಲ: ಇಷ್ಟು ಗುರುತು ಸಾಕು.

ಈಗ ಪದಕ್ಕೆ ಬರೋಣ. ಗ್ರೀಕಿನಲ್ಲಿ ‘ಐಸೋಸ್’ ಎಂದರೆ ಸಮ, ‘ಪೌಸ್’ ಎಂದರೆ ಪಾದ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಫ್ರಾನ್ಸಿನ ಲಾಟ್ರೇಲ್ ಈ ಹೆಸರನ್ನು ಇಟ್ಟ. ನಮ್ಮ ಪಠ್ಯಪುಸ್ತಕಗಳಲ್ಲಿ ಶತಪದಿ, ಸಹಸ್ರಪದಿ, ಸಂಧಿಪದಿಗಳು ನೆಲೆಯಾಗಿವೆ. ಇನ್ನೊಂದು ಕಡೆ ಬಸವನಹುಳುವಿನ ವರ್ಗಕ್ಕೆ ಉದರಪಾದಿ ಎನ್ನುತ್ತೇವೆ. ನನಗೆ ಕಾಣುವ ಮಟ್ಟಿಗೆ, ಕೀಲುಗಾಲುಗಳನ್ನು ಎಣಿಸಬಹುದಾದ ಪ್ರಾಣಿಗಳಿಗೆ ‘ಪದಿ’ಯೂ ಮೃದ್ವಂಗಿಗಳಿಗೆ ‘ಪಾದಿ’ಯೂ ಹೊಂದಿಕೊಂಡಿವೆ. ಆದ್ದರಿಂದ ನನ್ನ ಒಲವು ‘ಸಮಪದಿ’ಯ ಕಡೆಗೆ. ಒಂದೇ ಅಳುಕು: ತ್ರಿಪದಿ, ಚೌಪದಿ, ಷಟ್ಪದಿಗಳ ಪಕ್ಕದಲ್ಲಿ ಇಟ್ಟರೆ ಇದೂ ಒಂದು ಛಂದಸ್ಸಿನಂತೆ ಕೇಳಿಸುತ್ತದೆ. ‘ಸಮಪಾದಿ’ ಎಂದರೆ ನೃತ್ಯದ ಸಮಪಾದ ನೆನಪಾಗುತ್ತದೆ. ಎರಡರಲ್ಲಿ ಯಾವ ಗೊಂದಲ ಚಿಕ್ಕದು?

ಅರ್ಥದ ವಿಷಯದಲ್ಲಿ ಇನ್ನೊಂದು ತೊಡಕಿದೆ. ‘ಕಾಲುಗಳು ಸಮವಾಗಿರುವುದರಿಂದ ಈ ಹೆಸರು’ ಎಂದು ಬರೆದರೆ ಮಕ್ಕಳಿಗೆ ಪೂರ್ತಿ ನಿಜ ಹೇಳಿದಂತಾಗುವುದಿಲ್ಲ. ನೇಥಿಯಾ ಕುಟುಂಬದವುಗಳಿಗೆ ನಡೆಯುವ ಕಾಲುಗಳು ಐದೇ ಜೊತೆ. ಇವು ಮರಿಗಳಾಗಿದ್ದಾಗ ಮೀನಿನ ರಕ್ತ ಹೀರುತ್ತವೆ, ಬೆಳೆದ ಮೇಲೆ ಏನನ್ನೂ ತಿನ್ನುವುದಿಲ್ಲ. ಆಳಸಮುದ್ರದ ಮನ್ನಾಪ್ಸಿಸ್ ಬಳಗದಲ್ಲಿ ಮುಂದಿನ ಕೆಲವು ಕಾಲುಗಳು ಮೈಗಿಂತ ಎಷ್ಟೋ ಉದ್ದ, ಹಿಂದಿನವು ಈಜಲೆಂದು ದೋಣಿಯ ಹುಟ್ಟಿನಂತೆ ಅಗಲ. ಹೆಸರು ಸಮ, ಕಾಲು ವಿಷಮ. ಹಾಗೆಂದು ಹೆಸರನ್ನು ಬಿಡಬೇಕಾಗಿಲ್ಲ. ಸಹಸ್ರಪದಿಯ ಕಾಲುಗಳನ್ನು ಯಾರೂ ಸಾವಿರದವರೆಗೆ ಎಣಿಸಿ ಹೆಸರಿಡಲಿಲ್ಲ. ಗಣದ ಹೆಸರು ಗುರುತುಚೀಟಿಯಾಗಿದ್ದರೆ ಸಾಕು ಎಂಬುದು ನನ್ನ ನಿಲುವು. ಆದರೆ ಒಳಗುಂಪುಗಳಿಗೂ ಕಣ್ಣುಮುಚ್ಚಿ ಗ್ರೀಕ್, ಲ್ಯಾಟಿನ್‌ಗಳ ಅರ್ಥವನ್ನೇ ಇಳಿಸುತ್ತ ಹೋಗುವುದನ್ನು ನಾನು ಒಪ್ಪಲಾರೆ. ಅದರಿಂದಾದ ಅನುಭವವನ್ನು ಹೇಳುತ್ತೇನೆ.

ಮೊದಲ ಕರಡಿನಲ್ಲಿ ಹಳೆಯ ಪಠ್ಯವೊಂದನ್ನು ನಂಬಿ ‘ಫ್ಲಾಬೆಲ್ಲಿಫೆರಾ’ ಎಂಬ ಉಪಗಣಕ್ಕೆ ‘ಬೀಸಣಿಗೆಬಾಲಿಗಳು’ ಎಂದು ಹೆಸರಿಟ್ಟು ಹಿಗ್ಗಿದ್ದೆ. ಲ್ಯಾಟಿನ್ನಿನಲ್ಲಿ ಅದರ ಅರ್ಥ ಬೀಸಣಿಗೆ ಹೊತ್ತವು. ಬಾಲದ ತುದಿ ಬೀಸಣಿಗೆಯಂತೆ ಹರಡಿಕೊಂಡಿರುವ ಎಲ್ಲವನ್ನೂ ಅದರೊಳಗೆ ಸೇರಿಸಿದ್ದರು. ಆಮೇಲೆ ತಿಳಿಯಿತು, ಆ ಗುಂಪೇ ಈಗ ಇಲ್ಲ. ಬೀಸಣಿಗೆಯಂಥ ಬಾಲ ಒಂದೇ ಬೇರಿನಿಂದ ಬಂದ ನಂಟಿನ ಗುರುತಲ್ಲ ಎಂದು 1989ರಲ್ಲಿ ಪ್ರಾಣಿವಿಜ್ಞಾನಿ ವೇಗೆಲೆ ವಾದಿಸಿದರು. 2003ರಲ್ಲಿ ಬ್ರಾಂಟ್ ಮತ್ತು ಪೂರ್ ಅದನ್ನು ಒಡೆದು ಸೈಮೊಥಾಯ್ಡಾ, ಸ್ಫೀರೊಮಾಟಿಡಿಯಾ, ಲಿಮ್ನೋರಿಡಿಯಾ ಮುಂತಾಗಿ ಹಂಚಿದರು. ಸೀಗಡಿಯ ಕಿವಿರಿನ ಬದಿಯಲ್ಲಿ ಸೇರಿಕೊಂಡು ಚಿಪ್ಪನ್ನು ಗಂಟಿನಂತೆ ಉಬ್ಬಿಸುವ ಬೊಪೈರಸ್ ಬಳಗಕ್ಕೆ ಮೊದಲು ಪ್ರತ್ಯೇಕ ಉಪಗಣವಿತ್ತು. ಈಗ ಅದೂ ಸೈಮೊಥಾಯ್ಡಾದ ಒಳಗಿದೆ. ವಿಂಗಡಣೆ ಬದಲಾದಾಗ ನನ್ನ ಬೀಸಣಿಗೆ ಕೈಯಲ್ಲೇ ಉಳಿಯಿತು.

ಅರ್ಥ ಇಳಿಸಿದರೂ ಸೊಗಸಾಗಿ ಕೂರುವ ಹೆಸರುಗಳಿಲ್ಲವೆಂದಲ್ಲ. ವಾಲ್ವಿಫೆರಾ ಎಂಬ ಉಪಗಣದಲ್ಲಿ ಬಾಲದ ಬಳಿಯ ಎರಡು ಅಂಗಗಳು ಮಡಿಸಿಕೊಂಡು, ಉಸಿರಾಟದ ಎಲೆಗಳ ಮೇಲೆ ಜೋಡಿಬಾಗಿಲಿನಂತೆ ಮುಚ್ಚಿಕೊಳ್ಳುತ್ತವೆ. ಲ್ಯಾಟಿನ್ನಿನ ‘ವಾಲ್ವಾ’ ಎಂದರೆ ಬಾಗಿಲಿನ ರೆಕ್ಕೆ. ಹೃದಯದ ವಾಲ್ವಿಗೆ ನಾವು ಬಳಸುವ ‘ಕವಾಟ’ವೂ ಮೂಲದಲ್ಲಿ ಬಾಗಿಲೇ. ‘ಕವಾಟಧಾರಿ’ ಎಂದರೆ ಒಂದಿಷ್ಟೂ ಎಳೆದಾಡಬೇಕಾಗಿಲ್ಲ. (ಈ ಗುಂಪಿನ ಇಡೋಟಿಯಾ ಬಾಲ್ಟಿಕಾ ಎಂಬುದು ಕೆಂಪು ಪಾಚಿಯೊಂದರ ಗಂಡುಕಣಗಳನ್ನು ಮೈಗಂಟಿಸಿಕೊಂಡು ಹೆಣ್ಣುಪಾಚಿಗೆ ತಲುಪಿಸುತ್ತದೆಂದು 2022ರಲ್ಲಿ ಪ್ರಕಟವಾಯಿತು. ಕಡಲೊಳಗಿನ ಈ ದುಂಬಿಗೆ ಕಾಲು ಆರಲ್ಲ, ಹದಿನಾಲ್ಕು. ದುಂಬಿಯನ್ನು ಷಟ್ಪದವೆಂದು ಕರೆದ ನಮ್ಮ ಕವಿಗಳಿಗೆ ಇದನ್ನು ತೋರಿಸಬೇಕಿತ್ತು ಎನಿಸಿತು.)

ಜಾತಿಯ, ಅಂದರೆ ಹತ್ತಿರದ ಪ್ರಭೇದಗಳ ಗುಂಪಿನ, ಹೆಸರುಗಳನ್ನಂತೂ ಅನುವಾದಿಸುವ ಯೋಚನೆಯನ್ನೇ ಬಿಟ್ಟಿದ್ದೇನೆ. ಅದಕ್ಕೆ ಕಾರಣ ನೋರಿಲೆಕಾ. ಇಂಗ್ಲೆಂಡಿನ ವಿಲಿಯಂ ಎಲ್ಫರ್ಡ್ ಲೀಚ್ 1818ರಲ್ಲಿ ಈ ಗಣದ ಹಲವು ಜಾತಿಗಳಿಗೆ ಹೆಸರಿಟ್ಟ: ಸಿರೊಲಾನಾ, ನೆರೊಸಿಲಾ, ಅನಿಲೊಕ್ರಾ, ಕೊನಿಲೆರಾ, ರೊಸಿನೆಲಾ, ಒಲೆನ್ಸಿರಾ. ಇವುಗಳಲ್ಲಿ ಗ್ರೀಕಿನ ಅರ್ಥ ಹುಡುಕಿ ಸಾಕಾಯಿತು. ಇರಲಿಲ್ಲ. ಇವೆಲ್ಲವೂ ಕ್ಯಾರೊಲೈನ್ ಅಥವಾ ಕ್ಯಾರೊಲಿನಾ ಎಂಬ ಒಂದೇ ಹೆಸರಿನ ಅಕ್ಷರಗಳ ಅದಲುಬದಲು! ಆ ಹೆಣ್ಣು ಯಾರೆಂಬುದು ಇಂದಿಗೂ ಗುಟ್ಟಾಗಿ ಉಳಿದಿದೆ. ಆ ಸರಣಿಯ ಇನ್ನೊಂದು ಹೆಸರು ‘ಲಿರೊನೆಕಾ’ ಆಗಬೇಕಿತ್ತು. ಅಚ್ಚಿನಲ್ಲಿ ಒಂದು ಅಕ್ಷರ ತಪ್ಪಿ ‘ಲಿವೊನೆಕಾ’ ಆಯಿತು, ನಿಯಮದಂತೆ ತಪ್ಪೇ ನಿಂತಿತು. ಫ್ರಾನ್ಸಿನ ಪ್ರಾಣಿವಿಜ್ಞಾನಿ ಆನ್ರಿ ಮಿಲ್ನ್ ಎಡ್ವರ್ಡ್ಸ್ 1840ರಲ್ಲಿ ನಮ್ಮ ಬಂಗುಡೆಯ ಅತಿಥಿಯನ್ನು ಸೇರಿಸಿದ್ದು ಆ ಜಾತಿಗೇ. 1990ರಲ್ಲಿ ಬ್ರೂಸ್ ಅದನ್ನು ಬೇರೆ ಮಾಡಿ, ಲೀಚನ ಸಂಪ್ರದಾಯವನ್ನೇ ಮುಂದುವರಿಸಿ, ಅವೇ ಅಕ್ಷರಗಳಿಂದ ‘ನೋರಿಲೆಕಾ’ ಎಂದು ಕಟ್ಟಿದರು. ನಮ್ಮ ಲಿಪಿಗೆ ತಂದಾಗ ಈ ಆಟ ಕಣ್ಮರೆಯಾಗುತ್ತದೆ ಎಂಬುದು ನನಗೆ ನಿಜವಾದ ದುಃಖ. ಸಿರೊಲಾನಾದ ‘ಸ’ ಮತ್ತು ಕೊನಿಲೆರಾದ ‘ಕ’ ರೋಮನ್ ಲಿಪಿಯಲ್ಲಿ ಒಂದೇ ಅಕ್ಷರ. ಆದ್ದರಿಂದ ಹೆಸರುಗಳನ್ನು ಉಚ್ಚಾರದಂತೆ ಬರೆದು, ಕಥೆಯನ್ನು ಪಕ್ಕದಲ್ಲಿ ಹೇಳುವುದೇ ದಾರಿ.

ರಾಕ್ಷಸನ ಪ್ರಶ್ನೆ ಬೇರೆ. ಆಳಸಮುದ್ರದ ದೈತ್ಯ ಸಮಪದಿಗಳ ಜಾತಿ ಬ್ಯಾಥಿನೋಮಸ್. ಅದರ ಮೊದಲ ಪ್ರಭೇದವನ್ನು 1879ರಲ್ಲಿ ವರ್ಣಿಸಿದವನು ಮೇಲೆ ಹೇಳಿದ ಆನ್ರಿಯ ಮಗ ಆಲ್ಫೋನ್ಸ್. ಜಾವಾದ ದಕ್ಷಿಣಕ್ಕೆ ಸಿಕ್ಕ, ಒಂದಡಿ ಮೀರಿದ ಪ್ರಭೇದವೊಂದಕ್ಕೆ 2020ರಲ್ಲಿ ‘ರಕ್ಸಾಸಾ’ ಎಂದು ಹೆಸರಾಯಿತು. ಅದು ಇಂಡೋನೇಷ್ಯಾದ ಭಾಷೆಯಲ್ಲಿ ‘ಬೃಹತ್ತಾದ’ ಎಂಬ ಅರ್ಥದ ಪದ, ಮೂಲ ಸಂಸ್ಕೃತದ ರಾಕ್ಷಸ. ಕನ್ನಡದಲ್ಲಿ ‘ಬ್ಯಾಥಿನೋಮಸ್ ರಾಕ್ಷಸ’ ಎಂದು ಬರೆದರೆ ಕೇಡಿನ ಛಾಯೆ ತಾನಾಗಿ ಅಂಟಿಕೊಳ್ಳುತ್ತದೆ. ಪಾಪ, ಅದು ಕಡಲತಳಕ್ಕೆ ಬಿದ್ದ ಸತ್ತ ಮೀನು, ತಿಮಿಂಗಿಲಗಳನ್ನು ತಿಂದು ಬದುಕುವ ಜೀವಿ. ಜಪಾನಿನ ಟೋಬಾ ಅಕ್ವೇರಿಯಮ್ಮಿನಲ್ಲಿದ್ದ ಅದರ ಬಂಧುವೊಂದು 2009ರ ಜನವರಿಯಲ್ಲಿ ಉಂಡದ್ದೇ ಕೊನೆ, 2014ರ ಫೆಬ್ರವರಿಯಲ್ಲಿ ಸಾಯುವವರೆಗೂ ಊಟ ಮುಟ್ಟಲಿಲ್ಲ. ‘ಕಡಲ ಜಿರಳೆ’ ಎಂಬ ಸುದ್ದಿಮನೆಯ ಹೆಸರು ನನಗೆ ಒಗ್ಗುವುದಿಲ್ಲ, ಜಿರಳೆ ಕೀಟ. ಜಪಾನೀಯರು ಯೋಧರ ಕವಚವನ್ನು ನೆನೆದು ಇದನ್ನು ‘ಮಹಾರಾಜ ಕವಚಹುಳ’ ಎಂಬರ್ಥದಲ್ಲಿ ಕರೆಯುತ್ತಾರೆ. ತಮ್ಮ ಕಣ್ಣಿನಿಂದ ನೋಡಿ ಇಟ್ಟ ಹೆಸರು ಎಂದರೆ ಅದು.

ನಮ್ಮ ಕಣ್ಣಿನಿಂದ ನೋಡಿದರೆ ಏನು ಕಾಣುತ್ತದೆ? ಮರವನ್ನು ಕೊರೆಯುವ ಲಿಮ್ನೋರಿಯಾಕ್ಕೆ, ಕಾಂಡ್ಲಾ (ಮ್ಯಾಂಗ್ರೋವ್) ಮರದ ಬೇರಿನಲ್ಲಿ ಬಿಲ ತೋಡುವ ಸ್ಫೀರೋಮಾಕ್ಕೆ ರೈತರ ‘ಕಾಂಡಕೊರಕ’ದ ಮಾದರಿಯಲ್ಲಿ ‘ಮರಕೊರಕ’ ಎನ್ನಬಹುದು. ಲಿಮ್ನೋರಿಯಾ ಮರವನ್ನು ತಿಂದು ಅರಗಿಸಿಕೊಳ್ಳುತ್ತದೆ, ಸ್ಫೀರೋಮಾ ಕೊರೆಯುವುದು ಮನೆಗಾಗಿ ಮಾತ್ರ ಎಂಬ ವ್ಯತ್ಯಾಸವನ್ನು ಒಂದು ವಾಕ್ಯದಲ್ಲಿ ಹೇಳಿದರಾಯಿತು.

ಕಷ್ಟವಿರುವುದು ಮೀನಿಗೆ ಅಂಟುವವುಗಳಲ್ಲಿ. ಮೆಕ್ಸಿಕೋದಿಂದ ಈಕ್ವೆಡಾರ್‌ವರೆಗಿನ ಪೆಸಿಫಿಕ್ ಕರಾವಳಿಯ ಸೈಮೊಥೋವಾ ಎಕ್ಸಿಗುವಾ ಮೀನಿನ ನಾಲಗೆಯ ರಕ್ತ ಹೀರಿ ಅದನ್ನು ಒಣಗಿಸಿ, ಆ ಜಾಗದಲ್ಲಿ ತಾನೇ ನಾಲಗೆಯಂತೆ ಕೂರುತ್ತದೆ. ಇಂಗ್ಲಿಷಿನಲ್ಲಿ ಅದನ್ನು ಹೇನು ಎನ್ನುತ್ತಾರೆ. ಕೆರೆಮೀನಿಗೆ ಅಂಟುವ ಆರ್ಗ್ಯುಲಸ್ಸೂ ಹೇನು, ಸಾಲ್ಮನ್ ಮೀನಿನ ಮೈಮೇಲಿನ ಬೇರೊಂದು ಗುಂಪಿನ ಕಠಿಣಚರ್ಮಿಯೂ ಹೇನು. ಮೂರೂ ಬೇರೆ ಬೇರೆ ವಂಶಗಳು, ನಾಲ್ಕನೆಯದು ನಮ್ಮ ತಲೆಯಲ್ಲಿರುವುದು. ಹೀಗಾಗಿ ನಾನು ‘ಬಂದಳಿಕೆ’ಯನ್ನು ಯೋಚಿಸಿದ್ದೇನೆ. ಮಾವಿನ ಕೊಂಬೆಗೆ ಬೇರಿಳಿಸಿ ಅದರ ರಸ ಹೀರಿ ಬದುಕುವ ಗಿಡಕ್ಕೆ ಇರುವ ಈ ಪದದಲ್ಲಿ ಅಂಟುವುದು, ಹೀರುವುದು, ಬಿಡದಿರುವುದು ಮೂರೂ ಇವೆ. ನೋರಿಲೆಕಾಕ್ಕೆ ‘ಕಿವಿರುಬಂದಳಿಕೆ’, ಸೈಮೊಥೋವಾಕ್ಕೆ ‘ನಾಲಗೆಬಂದಳಿಕೆ’. ಗಿಡದ ಹೆಸರನ್ನು ಪ್ರಾಣಿಗೆ ಇಡುವುದು ನಿಮ್ಮ ಕಿವಿಗೆ ಒರಟಾಗಿ ಕೇಳಿಸುತ್ತದೆಯೇ?

ಕೊನೆಯದಾಗಿ ಒಂದು ಚಿಕ್ಕ ಪದ. ತಾಯಿಯ ಚೀಲದಿಂದ ಹೊರಬರುವ ಮರಿಗೆ ಆರೇ ಜೊತೆ ಕಾಲುಗಳಿರುತ್ತವೆ, ಏಳನೆಯದು ಆಮೇಲೆ ಮೂಡುತ್ತದೆ. ವಿಜ್ಞಾನಿಗಳು ಅದನ್ನು ‘ಮಾಂಕಾ’ ಎನ್ನುತ್ತಾರೆ, ಲ್ಯಾಟಿನ್ನಿನಲ್ಲಿ ಊನವಾದದ್ದು ಎಂದರ್ಥ. ಬೆಳೆಯುತ್ತಿರುವ ಮರಿಯನ್ನು ಊನವೆನ್ನಲು ನನಗೆ ಮನಸ್ಸಿಲ್ಲ. ‘ಆರುಜೋಡಿ ಮರಿ’ ಎಂದು ಬರೆದಿದ್ದೇನೆ. ಇದಕ್ಕಿಂತ ಚುರುಕಾದದ್ದು ಹೊಳೆದರೆ ತಿಳಿಸಿ.

ಮಂಗಳೂರು, ಮಲ್ಪೆ, ಕಾರವಾರದ ಧಕ್ಕೆಗಳ ಬಳಿ ಇರುವವರಲ್ಲಿ ವಿಶೇಷ ವಿನಂತಿ. ಕಿವಿರಿನ ಈ ಜೀವಿಯನ್ನು ಮೀನು ಹಸನು ಮಾಡುವ ಹೆಂಗಸರು ‘ಹುಳ’ ಎಂಬುದಲ್ಲದೆ ಬೇರೆ ಹೆಸರಿನಿಂದ ಕರೆಯುವುದುಂಟೇ? ತುಳು, ಕೊಂಕಣಿ, ಕುಂದಾಪುರದ ಕನ್ನಡ, ಯಾವುದಾದರೂ ಸರಿ. ಯಾವ ಮೀನಿನಲ್ಲಿ ಕಂಡದ್ದಕ್ಕೆ ಆ ಹೆಸರು ಎಂಬುದನ್ನೂ ಜೊತೆಗೆ ಬರೆಯಿರಿ. ಅಂಥ ಒಂದು ಪದ ಸಿಕ್ಕರೆ ಬಂದಳಿಕೆಯನ್ನು ಸಂತೋಷದಿಂದ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ.