ಕೂರೋಸ್ ಸೆಂಟಿನಿಂದ ಮನೆಯಲ್ಲಿ ಜಗಳ, ಹಾಕಿಕೊಂಡು ಅನುಭವ ಇದ್ದವರು ಹೇಳ್ರಿ

ಜೇವರ್ಗಿ ರೋಡ್ ಹುಡುಗ:
ಎಲ್ಲರಿಗೂ ನಮಸ್ಕಾರ. ದುಬೈಯಲ್ಲಿರುವ ನಮ್ಮ ಭಾವ ಈ ಸಲ ಬಂದಾಗ ವೈಎಸ್‌ಎಲ್ (ಫ್ರಾನ್ಸಿನ ಈವ್ ಸಾಂ ಲೊರಾಂ ಕಂಪನಿ) ಕೂರೋಸ್ ಸೆಂಟು ತಂದುಕೊಟ್ಟರು. 100 ಎಂಎಲ್, ಬಿಳಿ ಬಾಟಲಿ. ನನಗೇನೋ ಚೆನ್ನಾಗೇ ಇದೆ. ಲವಂಗ, ಸೋಪು, ಸ್ವಲ್ಪ ಜೇನು ಬಂದ ಹಾಗೆ ಆಗುತ್ತೆ. ತಂಗಿಯ ಕುಬಸದ ದಿನ ಹಾಕಿಕೊಂಡು ಹೋದೆ. ಹೆಂಡತಿ ಸೆರಗಿನಿಂದ ಮೂಗು ಮುಚ್ಚಿಕೊಂಡು, "ಬಸ್ ಸ್ಟ್ಯಾಂಡ್ ಮೂತ್ರಖಾನೆಗೆ ಹೋಗಿ ಬಂದ್ರೇನು?" ಅಂದಳು. ಅವ್ವ ಮಾತ್ರ "ಯಾವ ಗುಡಿಗೆ ಹೋಗಿದ್ದೆಪ್ಪಾ, ಛಲೋ ವಾಸನೆ" ಅಂದಳು. ಈಗ ಮೇ ತಿಂಗಳಲ್ಲಿ ಕಾಕಾನ ಮಗನ ಮದುವೆ ಇದೆ. ಮಂಟಪಕ್ಕೆ ಎಸಿ ಇಲ್ಲ. ಭಾವ ಬಂದೇ ಬರುತ್ತಾರೆ, ಹಾಕಿಕೊಳ್ಳದಿದ್ದರೆ ಬೇಜಾರು ಮಾಡಿಕೊಳ್ಳುತ್ತಾರೆ. ಆ ಬಿಸಿಲಲ್ಲಿ ಎಷ್ಟು ಹಾಕಬೇಕು, ಎಲ್ಲಿ ಹಾಕಬೇಕು? ಸುಮ್ನೆ ಯಾರಿಗಾದರೂ ಕೊಟ್ಟುಬಿಡಲಾ?

ಬೀದರ್ ಹಳೇ ಹುಲಿ:
ತಮ್ಮಾ, ಕುವೈತಿನಲ್ಲಿ ಕೆಲಸಕ್ಕಿದ್ದಾಗಿನಿಂದ ನಾನು ಇದನ್ನೇ ಹಾಕುತ್ತಿರುವುದು. 1981ರಲ್ಲಿ ಬಂದ ಸೆಂಟು. ಮಾಡಿದವನು ಪಿಯರ್ ಬೂರ್ಡೋನ್. ಅದೇ ಮನುಷ್ಯ 1988ರಲ್ಲಿ ಡೇವಿಡಾಫ್ ಕೂಲ್ ವಾಟರ್ ಮಾಡಿದ. ಈಗಿನ ಹುಡುಗರು ಮೈಮೇಲೆ ಸುರುವಿಕೊಳ್ಳುತ್ತಾರಲ್ಲ, ನೀಲಿ ಬಾಟಲಿಯ ತಂಪು ವಾಸನೆ, ಅದಕ್ಕೆಲ್ಲ ದಾರಿ ಹಾಕಿದ್ದು ಅದು. ಆದರೆ ಗಂಡಸಿನ ಸೆಂಟು ಅಂದರೆ ಕೂರೋಸ್.

ಒಂದು ಮಾತು. ನಿನ್ನ ಹತ್ತಿರ ಇರೋದು ನಾನು ಹಾಕುತ್ತಿದ್ದ ಕೂರೋಸ್ ಅಲ್ಲ. ಡೂಪ್ಲಿಕೇಟ್ ಅನ್ನುತ್ತಿಲ್ಲ. 2008ರಲ್ಲಿ ವೈಎಸ್‌ಎಲ್ ಸೆಂಟಿನ ವ್ಯವಹಾರ ಲೋರಿಯಲ್ ಕಂಪನಿ ಕೈಗೆ ಹೋಯಿತು. ಮೊದಲು ಇದರಲ್ಲಿ ಓಕ್‌ಮಾಸ್ ಧಾರಾಳವಾಗಿ ಇರುತ್ತಿತ್ತು. ಅದು ಓಕ್ ಮರದ ತೊಗಟೆ ಮೇಲೆ ಬೆಳೆಯುವಂಥದ್ದು, ನಾವು ಮಸಾಲೆಗೆ ಹಾಕುವ ಕಲ್ಲುಹೂವಿನ ಬಳಗ. ಅದರಲ್ಲಿರುವ ಅಟ್ರನಾಲ್, ಕ್ಲೋರೋಅಟ್ರನಾಲ್ ಚರ್ಮಕ್ಕೆ ಅಲರ್ಜಿ ಅಂತ ಯುರೋಪಿನವರು 2017ರಲ್ಲಿ ಎರಡನ್ನೂ ನಿಷೇಧಿಸಿದರು. ಬುಡದಲ್ಲಿ ಇರುತ್ತಿದ್ದ ಆ ಕಹಿ, ಆ ಗತ್ತು ಈಗ ಎಲ್ಲಿದೆ?

ಅದಕ್ಕೇ ಹಳೇ ಸ್ಟಾಕಿನ 50 ಎಂಎಲ್ ಹುಡುಕಿ ತರಿಸಿದೆ. ಬಾಟಲಿಗೆ 11,400. ಪ್ಯಾಕಿಂಗಿಗೆ 350. ಕೊರಿಯರ್‌ಗೆ 280. ಬೀದರ್ ಅಂತ ದಪ್ಪ ಅಕ್ಷರದಲ್ಲಿ ಬರೆದಿದ್ದರೂ ಪಾರ್ಸಲ್ ಹುಮನಾಬಾದಿಗೆ ಹೋಗಿ ಕೂತಿತ್ತು. ಕೈಗೆ ಬಂದಾಗ ಡಬ್ಬಿ ಒದ್ದೆ. ಸ್ಪ್ರೇ ಕುತ್ತಿಗೆ ಸಡಿಲ ಆಗಿ ಅರ್ಧ ಸೋರಿತ್ತು. ಮಾರಿದವನಿಗೆ ಫೋನ್ ಮಾಡಿದರೆ "ಹಳೇ ಮಾಲು ಸಾರ್, ಗ್ಯಾರಂಟಿ ಇಲ್ಲ" ಅಂದ. ಲೆಕ್ಕ ಹಾಕು, 25 ಎಂಎಲ್‌ಗೆ 12,030. ಎಂಎಲ್‌ಗೆ 481 ರೂಪಾಯಿ ಬಿತ್ತು. ಆ ರಟ್ಟಿನ ಡಬ್ಬಿ ಎಸೆದಿಲ್ಲ, ಬೀರುವಿನಲ್ಲಿ ನನ್ನ ಕೋಟಿನ ಕೆಳಗೆ ಇಟ್ಟಿದ್ದೇನೆ. ಬಾಗಿಲು ತೆಗೆದರೆ ಈಗಲೂ ವಾಸನೆ ಬರುತ್ತೆ. ದುಡ್ಡು ಹೋಯಿತು ಅಂತ ನನಗೆ ಒಂದು ಚೂರೂ ಬೇಜಾರಿಲ್ಲ.

ಹೆಣ್ಣುಮಕ್ಕಳ ಮಾತು ಕೇಳಿ ಇಂಥ ಸೆಂಟು ಬಿಡಬೇಡ. ಅವರಿಗೆ ಇದು ತಿಳಿಯಲ್ಲ.

ಶಹಾಬಾದ್ ಅಕ್ಕ:
ತಿಳಿಯಲ್ಲ ಅಂದಿರಲ್ಲ ಕಾಕಾ, ನಮಗೆ ತಿಳಿದಷ್ಟು ಯಾರಿಗೂ ತಿಳಿದಿಲ್ಲ. ಹಾಕಿಕೊಂಡವರಿಗೆ ಸ್ವಲ್ಪ ಹೊತ್ತಿಗೆ ಮೂಗು ಹೊಂದಿಕೊಳ್ಳುತ್ತೆ. ಪಕ್ಕದಲ್ಲಿ ಕೂತವರ ಗತಿ?

ನಮ್ಮ ಮನೆಯವರೂ ಇದೇ ಹುಚ್ಚಿನವರು. ಏಪ್ರಿಲ್‌ನಲ್ಲಿ ಶಹಾಬಾದಿಂದ ಕಲಬುರಗಿಗೆ ಕಾರಲ್ಲಿ ಹೊರಟೆವು. ಗಾಡಿ ಬಿಸಿಲಲ್ಲಿ ನಿಂತಿತ್ತು. ಇವರು ಒಳಗೆ ಕೂತು, ಕನ್ನಡಿ ನೋಡಿಕೊಂಡು, ಕುತ್ತಿಗೆಗೆ ಎರಡು ಸಲ, ಅಂಗಿಗೆ ಎರಡು ಸಲ ಹೊಡೆದರು. ನನಗೆ ಆಗ ನಾಲ್ಕು ತಿಂಗಳು. ಊರು ದಾಟುವುದರೊಳಗೆ ಎರಡು ಸಲ ವಾಂತಿ. ಕಾರು ಒಳಗೆ ತೊಳೆಸಲು 1,800 ಕೊಟ್ಟರು. ವಾಸನೆ ಹೋಗಲಿಲ್ಲ. ಸೀಟ್ ಕವರ್ ಬದಲಿಸಿದರು, 4,500. ಆಗಲೂ ಇಲ್ಲ. ಕೊನೆಗೆ ನೋಡಿದರೆ ಇರೋದು ಸೀಟ್ ಬೆಲ್ಟಿನಲ್ಲಿ! ಬೆಲ್ಟ್ ಎಳೆದರೆ ಸಾಕು, ಒಳಗಿಂದ ಸುರುಳಿ ಬಿಚ್ಚುತ್ತಾ ಬರುತ್ತೆ. ಬಿಚ್ಚಿ ತೊಳೆದುಕೊಡು ಅಂದರೆ ಮೆಕ್ಯಾನಿಕ್ ಒಪ್ಪಲಿಲ್ಲ. ಸೋಪಿನ ನೀರಲ್ಲಿ ಬಟ್ಟೆ ಅದ್ದಿ ನಾನೇ ಒರೆಸಿದೆ. ಮಗುವಿಗೆ ಈಗ ಎರಡು ವರ್ಷ. ಮಳೆಗಾಲದಲ್ಲಿ ಗ್ಲಾಸ್ ಏರಿಸಿದರೆ ಇನ್ನೂ ಗೊತ್ತಾಗುತ್ತೆ.

ದರ್ಗಾ ಓಣಿಯವನು:
ಅಣ್ಣಾ, ಇಷ್ಟು ತೊಂದರೆ ಯಾಕೆ? ನಮ್ಮ ಊರಲ್ಲಿ ಇದ್ದುಕೊಂಡು ಫ್ರಾನ್ಸಿನ ಬಾಟಲಿ ಯಾಕೆ? ಬಂದೇನವಾಜರ ದರ್ಗಾ ಕಡೆ ಬಂದು ನೋಡಿ, ಉರುಸಿನಲ್ಲಿ ಸಂದಲ್ ಮೆರವಣಿಗೆ ಹೋಗುವಾಗ ಓಣಿ ಪೂರ್ತಿ ಹೇಗೆ ಘಮ ಅನ್ನುತ್ತೆ ಅಂತ. ನಾನು ಹಾಕೋದು ಅತ್ತರ್, ಚಳಿಗಾಲಕ್ಕೆ ಹಿನಾ, ಬೇಸಿಗೆಗೆ ಖಸ್. ಅಂದರೆ ನಮ್ಮ ಲಾವಂಚ. ಆಲ್ಕೋಹಾಲ್ ಇಲ್ಲ, ಹಾಗಾಗಿ ಬಿಸಿಲಿಗೆ ಒಮ್ಮೆಲೇ ಎದ್ದು ಮುಖಕ್ಕೆ ಹೊಡೆಯಲ್ಲ. ಉತ್ತರ ಪ್ರದೇಶದ ಕನೌಜಿನಲ್ಲಿ ದೊಡ್ಡ ಹಂಡೆಯಂಥ ತಾಮ್ರದ ದೇಗ್‌ನಲ್ಲಿ ಕುದಿಸಿ, ಬಿದಿರಿನ ಕೊಳವೆಯಿಂದ ಹಬೆ ಇಳಿಸಿ ಶ್ರೀಗಂಧದ ಎಣ್ಣೆಯಲ್ಲಿ ಹಿಡಿಯುತ್ತಿದ್ದ ಪದ್ಧತಿ.

ಖರ್ಚು ಕಡಿಮೆ ಅಂತ ಹೇಳಲ್ಲ. ರೂಹ್ ಖಸ್, ಅಂದರೆ ಅಪ್ಪಟ ಲಾವಂಚದ ಎಣ್ಣೆ, ಅರ್ಧ ತೊಲಕ್ಕೆ 2,600 ಕೊಟ್ಟಿದ್ದೇನೆ. ತಾಮ್ರದ ಪಾತ್ರೆಯಲ್ಲಿ ಇಳಿಸಿದ್ದು ಹಸಿರು ಬಣ್ಣ ಇರುತ್ತೆ. ಈದ್‌ಗೆ ಹೊಲಿಸಿದ ಬಿಳಿ ಕುರ್ತಾ, ಬಟ್ಟೆ ಹೊಲಿಗೆ ಸೇರಿ 1,450. ಕಾಲರಿನ ಮೇಲೆ ಒಂದು ಹನಿ ಬಿತ್ತು, ಹಸಿರು ಕಲೆ. ದೋಬಿ ನಿಂಬೆಹಣ್ಣು ಹಚ್ಚಿದ, ಕಲೆ ಇನ್ನಷ್ಟು ಹರಡಿತು. ಆಮೇಲೆ ಕುರ್ತಾವನ್ನೇ ಹಸಿರು ಬಣ್ಣಕ್ಕೆ ಹಾಕಿಸಿದೆ, ಅದಕ್ಕೆ 120. ವಾಸನೆ ಮಾತ್ರ ಸುಭಾನಲ್ಲಾ. ಮೂತ್ರಖಾನೆ ಅಂತ ಯಾರೂ ಅಂದಿಲ್ಲ.

ಬೀದರ್ ಹಳೇ ಹುಲಿ:
ಅತ್ತರ್ ಬಗ್ಗೆ ನನಗೆ ಪಾಠ ಬೇಡ. ಈಗ ಗಲ್ಲಿ ಗಲ್ಲಿಯಲ್ಲಿ 100 ರೂಪಾಯಿಗೆ ಸಿಗುವ ಚಿಕ್ಕ ಬಾಟಲಿಯಲ್ಲಿ ಶ್ರೀಗಂಧದ ಎಣ್ಣೆ ಇರುತ್ತಾ? ಶ್ರೀಗಂಧದ ರೇಟು ಕೇಳಿದ್ದೀಯಾ? ಒಳಗೆ ಇರೋದು ಕೆಮಿಕಲ್ಲು, ಮೇಲೆ ಲಿಕ್ವಿಡ್ ಪ್ಯಾರಾಫಿನ್.

ದರ್ಗಾ ಓಣಿಯವನು:
100 ರೂಪಾಯಿದು ಅಂತ ನಾನು ಎಲ್ಲಿ ಬರೆದೆ ಸಾಹೇಬ್ರೆ? 2,600 ಅಂತ ಬರೆದಿದ್ದು ಕಣ್ಣಿಗೆ ಕಾಣಲಿಲ್ಲವಾ? ಅರ್ಧ ಖಾಲಿಯಾದ ಬಾಟಲಿಗೆ 12 ಸಾವಿರ ಕೊಟ್ಟವರು ನಮಗೆ ಪ್ಯಾರಾಫಿನ್ ಬಗ್ಗೆ ಹೇಳುತ್ತಾರೆ.

ಯಾದಗಿರಿ ಮೇಷ್ಟ್ರು:
ಜಗಳ ಬೇಡ. ನಾನು ಜೀವಶಾಸ್ತ್ರ ಕಲಿಸುವವನು. ಒಬ್ಬೊಬ್ಬರ ಮೂಗು ಒಂದೊಂದು ಥರ ಅನ್ನೋದು ಬಾಯಿಮಾತಲ್ಲ. ಆಂಡ್ರೋಸ್ಟೆನೋನ್ ಅಂತ ಒಂದು ವಸ್ತು ಇದೆ. ಕೆಲವರಿಗೆ ಅದು ಮೂತ್ರ, ಬೆವರಿನ ವಾಸನೆ. ಕೆಲವರಿಗೆ ಸಿಹಿ. ಇನ್ನು ಕೆಲವರಿಗೆ ಏನೂ ಗೊತ್ತಾಗಲ್ಲ. ಓಆರ್7ಡಿ4 ಅನ್ನೋ ಜೀನಿನ ವ್ಯತ್ಯಾಸಕ್ಕೂ ಇದಕ್ಕೂ ಸಂಬಂಧ ಇದೆ ಅಂತ 2007ರಲ್ಲೇ ಸಂಶೋಧಕರು ತೋರಿಸಿದರು. ಸೆಂಟಿನಲ್ಲಿ ಹಾಕುವ ಕೆಲವು ಕಸ್ತೂರಿ ಜಾತಿಯ ಕೆಮಿಕಲ್‌ಗಳೂ ಅಷ್ಟೇ, ಕೆಲವರ ಮೂಗಿಗೆ ಮುಟ್ಟುವುದೇ ಇಲ್ಲ.

ನಮ್ಮ ಮನೆಯಲ್ಲೇ ನೋಡಿ. ನಮ್ಮ ಅಣ್ಣನಿಗೆ ಕೂರೋಸ್ ಅಂದರೆ ಜೇನು. ನನಗೆ ಕುದುರೆ ಲಾಯ. ಒಂದೇ ತಾಯಿ ಮಕ್ಕಳು, ಒಂದೇ ಬಾಟಲಿ. ಅವನು ಹಾಕಿಕೊಂಡು ನನ್ನ ಬೈಕ್ ಹಿಂದೆ ಕೂತರೆ ನಾನು ಹೆಲ್ಮೆಟ್ ಗ್ಲಾಸ್ ಇಳಿಸಿಕೊಳ್ಳುತ್ತೇನೆ, ಭೀಮಾ ಸೇತುವೆ ದಾಟುವವರೆಗೂ ಎತ್ತಲ್ಲ. ಎರಡು ಸಲ ಬಾಟಲಿ ಅಡಗಿಸಿಟ್ಟೆ. ಹುಡುಕಿ ತೆಗೆದ, ವಾಸನೆ ಹಿಡಿದೇ!

ಬೀದರ್ ಹಳೇ ಹುಲಿ:
ಮೇಷ್ಟ್ರೇ, ಕೂರೋಸಿನಲ್ಲಿ ಆ ಆಂಡ್ರೋ ಏನೋ ಇದೆ ಅಂತ ಹೇಳಿದವರು ಯಾರು?

ಯಾದಗಿರಿ ಮೇಷ್ಟ್ರು:
ಇದೆ ಅಂತ ನಾನು ಹೇಳಲಿಲ್ಲ. ಉದಾಹರಣೆ ಕೊಟ್ಟೆ. ಓದಿ ನೋಡಿ.

ಬೀದರ್ ಹಳೇ ಹುಲಿ:
ಇಲ್ಲದ ವಸ್ತುವಿನ ಉದಾಹರಣೆ ಯಾಕೆ? ಇದರಲ್ಲಿ ಇರೋದು ಪುನುಗು. ಅದನ್ನು ಹೇಳಿ.

ಗುಡಿ ಓಣಿ ಶರಣು:
ಪುನುಗು ಅಂದರೆ ಬೆಕ್ಕಿಂದಾ? ನಾವು ಲಿಂಗಾಯತರು, ಶರಣಬಸವೇಶ್ವರ ಗುಡಿ ಪಕ್ಕದಲ್ಲೇ ಮನೆ. ನಮ್ಮ ಅಳಿಯ ಇದೇ ಸೆಂಟು ಹಾಕಿಕೊಂಡು ಲಿಂಗಪೂಜೆಗೆ ಕೂರುತ್ತಾನೆ. ಮದುವೆಯಲ್ಲಿ ನಾನೇ ಕೊಡಿಸಿದ್ದು, 7,850 ಬಿಲ್ಲು ಇನ್ನೂ ಇದೆ. ಜೊತೆಗೆ ಡಿಯೋಡರೆಂಟ್ ಬೇಕು ಅಂದ, ಅದು ಬೇರೆ. ಮೊದಲೇ ಗೊತ್ತಿದ್ದರೆ ಮೈಸೂರ್ ಸ್ಯಾಂಡಲ್ ಸೋಪು ಒಂದು ಡಜನ್ ಕೊಟ್ಟು ಕೈ ಮುಗಿಯುತ್ತಿದ್ದೆ.

ಯಾದಗಿರಿ ಮೇಷ್ಟ್ರು:
ಪುನುಗು ಬೆಕ್ಕಿನ ಗ್ರಂಥಿಯಿಂದ ಬರುವುದು ನಿಜ. ಆದರೆ ಈಗ ಸೆಂಟಿನವರು ಹೆಚ್ಚಾಗಿ ಕಾರ್ಖಾನೆಯಲ್ಲಿ ಮಾಡಿದ, ಪುನುಗಿನ ವಾಸನೆಯ ಸಿವೆಟೋನ್ ಥರದ್ದನ್ನೇ ಹಾಕುತ್ತಾರೆ. ಇನ್ನು ತಿರುಪತಿಯಲ್ಲಿ ಶುಕ್ರವಾರ ಅಭಿಷೇಕ ಆದ ಮೇಲೆ ತಿಮ್ಮಪ್ಪನಿಗೆ ಪುನುಗಿನ ಎಣ್ಣೆ ಹಚ್ಚುತ್ತಾರೆ. ಮೊದಲು ಕೇಳಿದ ತಮ್ಮನ ಅವ್ವನಿಗೆ ಗುಡಿ ನೆನಪಾಗಿದ್ದರಲ್ಲಿ ಆಶ್ಚರ್ಯ ಏನಿದೆ?

ಗುಡಿ ಓಣಿ ಶರಣು:
ತಿಮ್ಮಪ್ಪನಿಗೆ ಹಚ್ಚಿದರೆ ನಮಗೇನ್ರಿ? ನಾವು ಕೇಳಿದ್ದು ಅಳಿಯನ ವಿಷಯ.

ಸೂಪರ್ ಮಾರ್ಕೆಟ್ ಪೋರ:
ಎಲ್ಲರೂ ಇಲ್ಲೇ ಇದ್ದೀರಿ, ನನ್ನದೂ ಕೇಳಿ. ಆನ್‌ಲೈನ್‌ನಲ್ಲಿ ಕೂರೋಸ್ 2,199 ಅಂತ ಬಂತು, ತರಿಸಿದೆ. ಬಾಟಲಿ ಬುಡದ ಬ್ಯಾಚ್ ನಂಬರಿಗೂ ಡಬ್ಬಿಯ ನಂಬರಿಗೂ ತಾಳೆ ಇಲ್ಲ. ಮುಚ್ಚಳ ಒಂದು ಕಡೆ ವಾಲಿತ್ತು. ವಾಸನೆ ಫಿನಾಯಿಲ್. ವಾಪಸ್ ತಗೊಳ್ಳಿ ಅಂದರೆ ಸೀಲ್ ಒಡೆದಿದ್ದೀರಿ ಅಂದರು. ಸೀಲ್ ಒಡೆಯದೆ ವಾಸನೆ ಹೇಗೆ ನೋಡೋದು? ಫೋಟೋ ಕಳಿಸಿ ಅಂದರು, ಕಳಿಸಿದೆ. ಇನ್ನೊಂದು ಕಡೆಯಿಂದ ತೆಗೆದು ಕಳಿಸಿ ಅಂದರು, ಕಳಿಸಿದೆ. ಆಮೇಲೆ ವಿಡಿಯೋ. ಕೊನೆಗೆ ದುಡ್ಡಿನ ಬದಲು 150 ರೂಪಾಯಿ ಕೂಪನ್, ಅದೂ 999ರ ಮೇಲೆ ಖರೀದಿ ಮಾಡಿದರೆ.

ಅವತ್ತಿಂದ ಓಲ್ಡ್ ಸ್ಪೈಸ್. 1938ರಿಂದ ಇದೆ. ಅಪ್ಪ ಹಾಕುತ್ತಿದ್ದರು, ನಾನೂ ಹಾಕುತ್ತೇನೆ. ಕಟಿಂಗ್ ಅಂಗಡಿಯಲ್ಲಿ ಗಡ್ಡ ಕೆರೆದು ಆಫ್ಟರ್ ಶೇವ್ ಅಂಗೈಗೆ ಸುರಿದು ಪಟಪಟ ಬಡಿಯುತ್ತಾರಲ್ಲ, ಆ ಉರಿಯಲ್ಲೇ ಮಜಾ ಇದೆ.

ಬೀದರ್ ಹಳೇ ಹುಲಿ:
ಅದು ಗಡ್ಡಕ್ಕೆ ಹಚ್ಚುವ ಲೋಷನ್. ಸೆಂಟಿನ ಮಾತು ನಡೆದಿರುವ ಕಡೆ ಅದನ್ನು ಯಾಕೆ ತಂದೆ?

ಸೂಪರ್ ಮಾರ್ಕೆಟ್ ಪೋರ:
ಕಾಕಾ, ನನ್ನದು ಪೂರ್ತಿ ತುಂಬಿದ ಬಾಟಲಿ, ಸೋರಿಲ್ಲ.

ಜೇವರ್ಗಿ ರೋಡ್ ಹುಡುಗ:
ಎಲ್ಲರಿಗೂ ಥ್ಯಾಂಕ್ಸ್. ಆದರೆ ಮದುವೆಗೆ ಎಷ್ಟು ಹಾಕಬೇಕು ಅನ್ನೋದು ಇನ್ನೂ ಗೊತ್ತಾಗಲಿಲ್ಲ.

ಶಹಾಬಾದ್ ಅಕ್ಕ:
ಒಂದೇ ಸಲ, ಬನಿಯನ್ ಒಳಗೆ ಎದೆಗೆ. ಮನೆ ಬಿಡುವುದಕ್ಕೆ ಒಂದು ತಾಸು ಮುಂಚೆ. ಕಾರಲ್ಲಿ ಮಾತ್ರ ಬೇಡಪ್ಪಾ. ಭಾವ ತಬ್ಬಿಕೊಂಡಾಗ ಅವರಿಗೆ ಗೊತ್ತಾದರೆ ಸಾಕಲ್ವಾ?

ಬೀದರ್ ಹಳೇ ಹುಲಿ:
ಒಂದು ಸಲ ಹಾಕೋದಕ್ಕಿಂತ ಹಾಕದೇ ಇರೋದು ಮೇಲು. ನಾನು ಮೂರಕ್ಕೆ ಕಡಿಮೆ ಹಾಕಿದ್ದೇ ಇಲ್ಲ, ಮೇ ತಿಂಗಳಲ್ಲೂ.

ದರ್ಗಾ ಓಣಿಯವನು:
ನಿಮ್ಮ ಬೀದರ್ ಗುಡ್ಡದ ಮೇಲಿದೆ ಸಾಹೇಬ್ರೆ, ಗಾಳಿ ಆಡುತ್ತೆ. ನಮ್ಮಲ್ಲಿ 42, 43 ಡಿಗ್ರಿ ಇದ್ದಾಗ ಬಂದು ಮೂರು ಸಲ ಹೊಡೆದುಕೊಂಡು ಎಸಿ ಇಲ್ಲದ ಮಂಟಪದಲ್ಲಿ ಕೂತು ತೋರಿಸಿ.

ಬೀದರ್ ಹಳೇ ಹುಲಿ:
ಕುವೈತಿನಲ್ಲಿ 48 ನೋಡಿದ್ದೇನೆ ತಮ್ಮಾ.

ಶಹಾಬಾದ್ ಅಕ್ಕ:
ಅಲ್ಲಿ ಎಸಿ ಇತ್ತಲ್ಲ ಕಾಕಾ?

ಯಾದಗಿರಿ ಮೇಷ್ಟ್ರು:
ಬಿಸಿಲಿನ ಮಾತು ಬಂದರೆ ಯಾದಗಿರಿಯನ್ನು ಯಾರೂ ಲೆಕ್ಕಕ್ಕೇ ತಗೊಳ್ಳಲ್ಲ. ಬಂಡೆಗಲ್ಲಿನ ಗುಡ್ಡದ ಕೆಳಗೆ ಇರುವ ಊರು, ರಾತ್ರಿಯೂ ಕಲ್ಲು ಕಾದೇ ಇರುತ್ತೆ.

ಸೂಪರ್ ಮಾರ್ಕೆಟ್ ಪೋರ:
ಮೇಷ್ಟ್ರೇ, ರಾಯಚೂರಿನವರು ನೋಡಿದರೆ ಇನ್ನೊಂದು ಜಗಳ ಶುರುವಾಗುತ್ತೆ.

ಬೀದರ್ ಹಳೇ ಹುಲಿ:
ಜೇವರ್ಗಿ ರೋಡ್ ತಮ್ಮಾ, ಮಾರುವ ವಿಚಾರ ಇದ್ದರೆ ಬೇರೆ ಯಾರಿಗೂ ಹೇಳಬೇಡ. ಡಬ್ಬಿ ಮತ್ತು ಬಾಟಲಿ ಬುಡದ ನಂಬರ್ ಎರಡರ ಫೋಟೋ ಕಳಿಸು. ಕೊರಿಯರ್ ಬೇಡ, ಕಲಬುರಗಿಗೆ ನಾನೇ ಬರುತ್ತೇನೆ.