ಸಹಾಯ ಬೇಕು: ವಿಜಯಪುರದಲ್ಲಿ ಡ್ರೈ ಐಸ್ ಎಲ್ಲಿ ಸಿಗುತ್ತದೆ?

ನಮಸ್ಕಾರ. ಇಲ್ಲಿನ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಮೀನಿನ ಹಳೆಯ ಗಾಜಿನ ತೊಟ್ಟಿ, ಕಪ್ಪು ಬಟ್ಟೆ, ಐಸೊಪ್ರೊಪೈಲ್ ಆಲ್ಕೋಹಾಲ್ ಹೊಂದಿಸಿ, ಕಣ್ಣಿಗೆ ಕಾಣದ ಕಣಗಳ ಜಾಡು ತೋರಿಸುವ ಕ್ಲೌಡ್ ಚೇಂಬರ್ ಮಾಡಿದ್ದೇವೆ. ಬಾಹ್ಯಾಕಾಶದಿಂದ ಬರುವ ಕಾಸ್ಮಿಕ್ ಕಿರಣಗಳ ಜಾಡು ಅದರಲ್ಲಿ ಬಿಳಿ ನೂಲೆಳೆಯಂತೆ ಮೂಡಬೇಕು. ಕುಲ್ಫಿ ಅಂಗಡಿಯ ಮಂಜುಗಡ್ಡೆಗೆ ಉಪ್ಪು ಬೆರೆಸಿ ನೋಡಿದೆವು, ಮೂಡಿದ್ದು ತೊಟ್ಟಿಯ ಹೊರಗಿನ ಬೆವರು ಮಾತ್ರ! ಮೈನಸ್ 78 ಡಿಗ್ರಿಯ ಡ್ರೈ ಐಸ್ (ಗಟ್ಟಿಯಾದ ಇಂಗಾಲದ ಡೈಆಕ್ಸೈಡ್) ಐದು ಕಿಲೊ ಬೇಕು. ಬೆಳಗಾವಿಯಲ್ಲಿ ಸಿಕ್ಕರೂ ಹೋಗಿ ತರುತ್ತೇನೆ.

ಇನ್ನೊಂದು ಮಾತು. ಧ್ರುವಗಳ ಬಳಿ ಭೂಕಾಂತ ಕ್ಷೇತ್ರದ ತಡೆ ಸಡಿಲ, ಕಡಿಮೆ ಶಕ್ತಿಯ ಕಾಸ್ಮಿಕ್ ಕಣಗಳೂ ಒಳನುಗ್ಗುತ್ತವೆ; ಎತ್ತರಕ್ಕೆ ಹೋದಷ್ಟೂ ಗಾಳಿಯ ತಡೆಯೂ ಕಡಿಮೆ. ದಕ್ಷಿಣ ಧ್ರುವದಲ್ಲಿ, ಸುಮಾರು 2,800 ಮೀಟರ್ ಎತ್ತರದಲ್ಲಿ, ನ್ಯೂಟ್ರಾನ್ ಮಾನಿಟರ್ (ಈ ಕಿರಣಗಳಿಂದ ಹುಟ್ಟುವ ನ್ಯೂಟ್ರಾನ್ ಕಣಗಳನ್ನು ಗುರುತಿಸುವ ಉಪಕರಣ) ಇಟ್ಟು ಎಣಿಸುವುದು ಅದಕ್ಕೇ ಎಂದು ತರಗತಿಯಲ್ಲಿ ಹೇಳಿದೆ. "ಗೋಳಗುಮ್ಮಟ ಹತ್ತಿದರೆ ಹೆಚ್ಚು ಕಾಣುತ್ತವೆಯೇ ಸರ್?" ಎಂದಳು ಒಬ್ಬ ಹುಡುಗಿ. (ಐವತ್ತು ಮೀಟರಿಗೆ ಏನಾದೀತು!) ಅಂಟಾರ್ಕ್ಟಿಕದ ಮೈತ್ರಿ ಅಥವಾ ಭಾರತಿ ನಿಲ್ದಾಣದಲ್ಲಿ ಕೆಲಸ ಮಾಡಿಬಂದವರು ಇಲ್ಲಿದ್ದರೆ, ಮಕ್ಕಳೊಂದಿಗೆ ಅರ್ಧ ಗಂಟೆ ಫೋನಿನಲ್ಲಿ ಮಾತನಾಡುತ್ತೀರಾ?