ಚಾಲಕನೋ, ಚಾಲಕವೋ? ವೈಫೈ ಚೀಟಿಗೆ ಪದ ಬೇಕು

ಎಲ್ಲರಿಗೂ ನಮಸ್ಕಾರ. ಕಂಪ್ಯೂಟರಿನ ಡ್ರೈವರ್‌ಗೆ, ಅಂದರೆ ವೈಫೈ ಕಾರ್ಡಿನಂಥ ಭಾಗಗಳನ್ನು ನಡೆಸುವ ಸಾಫ್ಟ್‌ವೇರ್‌ಗೆ, ಕನ್ನಡದಲ್ಲಿ ಏನನ್ನಬೇಕು ಅಂತ ಒಂದೇ ಒಂದು ಪದ ಕೇಳೋಣ ಅಂತ ಕೂತೆ. ಅದು ಬಾಲ ಬೆಳೆಸಿಕೊಂಡು ಇಷ್ಟುದ್ದ ಆಗಿದೆ. ಪುರುಸೊತ್ತಿದ್ದಾಗ ಓದಿ.

ದಾವಣಗೆರೆಯಲ್ಲಿ ನಮ್ಮ ಬೀದಿಯ ಏಳೆಂಟು ಹುಡುಗರು ಸಂಜೆ ಹೊತ್ತು ಮನೆಗೆ ಬರುತ್ತಾರೆ, ಕಂಪ್ಯೂಟರ್ ಕಲಿಯಲು. ಅವರ ಹತ್ತಿರ ಇರುವುದೆಲ್ಲ ಯಾರೋ ಬಳಸಿ ಬಿಟ್ಟ ಲ್ಯಾಪ್‌ಟಾಪ್‌ಗಳು. ಹಳೇ ಯಂತ್ರ, ಹಗುರ ಇರಲಿ ಅಂತ ವಿಂಡೋಸ್ ಬದಲು ಲಿನಕ್ಸ್ ಹಾಕಿಕೊಟ್ಟಿದ್ದೇನೆ. ಎಲ್ಲ ಚೆನ್ನಾಗಿ ನಡೆಯುತ್ತದೆ, ವೈಫೈ ಒಂದನ್ನು ಬಿಟ್ಟು. ಒಬ್ಬನದು ಸರಿಮಾಡಿ ಕಳಿಸಿದರೆ ಮಾರನೇ ದಿನ ಇನ್ನೊಬ್ಬ ಅದೇ ಮುಖ ಹೊತ್ತುಕೊಂಡು ಬರುತ್ತಾನೆ. ಎಷ್ಟು ಸಲ ಅಂತ ಬಾಯಲ್ಲಿ ಹೇಳುವುದು, ಎರಡು ಪುಟದ ಕನ್ನಡ ಚೀಟಿ ಬರೆದು ಜೆರಾಕ್ಸ್ ಮಾಡಿಸಿ ಹಂಚಿಬಿಡೋಣ ಅಂದುಕೊಂಡೆ. ಮೊದಲ ಸಾಲಲ್ಲೇ ಸಿಕ್ಕಿಹಾಕಿಕೊಂಡೆ.

ನಾನು ಬರೆದ ಸಾಲು ಇದು (ನಿಸ್ತಂತು ಅಂದರೆ ವೈರ್‌ಲೆಸ್, ಚಾಲಕ ಅಂದರೆ ಡ್ರೈವರ್): "ಮೊದಲು ನಿಮ್ಮ ನಿಸ್ತಂತು ಕಾರ್ಡಿಗೆ ಸರಿಯಾದ ಚಾಲಕನನ್ನು ಹುಡುಕಿ."

ಅಕ್ಕನ ಮಗನ ಕೈಗೆ ಕೊಟ್ಟೆ. ಅವನು ಓದಿ, ಚೀಟಿ ತಿರುಗಿಸಿ ಹಿಂದೆಯೂ ನೋಡಿ, "ಮಾಮ, ಚಾಲಕನನ್ನ ಎಲ್ಲಿ ಹುಡುಕೋದು, ಬಸ್ ಸ್ಟ್ಯಾಂಡಲ್ಲಾ?" ಅಂದ. ಅಲ್ಲೇ ಮಂಡಕ್ಕಿ ತಿನ್ನುತ್ತಾ ಕೂತಿದ್ದ ನಮ್ಮಪ್ಪ ಇನ್ನೊಂದು ತುದಿ ಹಿಡಿದರು. ಅವರು ಇಲ್ಲಿನ ಹತ್ತಿ ಗಿರಣಿಯಲ್ಲಿ ದುಡಿದವರು. "ತಂತು ಅಂದ್ರೆ ಎಳೆ ಅಲ್ಲೇನಪ್ಪ? ಎಳೆ ಇಲ್ದಂಗೆ ಏನ್ ನೇಯ್ತೀರಿ ನೀವು?" ಅಂತ ಕೇಳಿದರು.

ಅಪ್ಪನ ಮಾತು ಸುಮ್ನೆ ತಮಾಷೆಯಲ್ಲ. ತಂತು ಅಂದರೆ ನೂಲಿನ ಎಳೆಯೇ, ನಾರು ಅಂತಲೂ ಆಗುತ್ತದೆ. ಲೋಹದ್ದಾದರೆ ನಮ್ಮ ಬಾಯಲ್ಲಿ ಬರುವುದು ತಂತಿ. ಆ ತಂತಿಗೂ ಒಂದು ಕಾಲದಲ್ಲಿ ಟೆಲಿಗ್ರಾಂ ಅನ್ನುವ ಅರ್ಥ ಅಂಟಿಕೊಂಡಿತ್ತು. "ತಂತಿ ಬಂತು" ಅಂದರೆ ಮನೆಯಲ್ಲಿ ಮೊದಲು ಅಳು ಶುರುವಾಗುತ್ತಿತ್ತು, ಆಮೇಲೆ ಓದುವುದು. 2013ರ ಜುಲೈನಲ್ಲಿ ಆ ಸೇವೆ ನಿಂತಿತು. ಈಗಿನ ಹುಡುಗರಿಗೆ ತಂತಿ ಅಂದರೆ ಬೇಲಿಯದ್ದು, ಇಲ್ಲವೇ ಕರೆಂಟಿನದ್ದು. ನಿಸ್ತಂತು ಪುಸ್ತಕದಲ್ಲಿ ಚೆನ್ನಾಗಿ ಕಾಣುತ್ತದೆ, ಆದರೆ ಹೊಡೆದುಹಾಕಿ ವೈಫೈ ಅಂತಲೇ ಬರೆದೆ. ಇದರ ಬಗ್ಗೆ ನನಗೆ ಜಗಳ ಇಲ್ಲ. ಜಗಳ ಇರುವುದು ಚಾಲಕನ ಹತ್ತಿರ. ಅಥವಾ ಚಾಲಕದ ಹತ್ತಿರ.

ಬಾಯಿಮಾತಿನಲ್ಲಿ ಈ ತೊಂದರೆಯೇ ಇಲ್ಲ, ಗಮನಿಸಿದ್ದೀರಾ? ರಿಪೇರಿ ಅಂಗಡಿಯಲ್ಲಿ "ಡ್ರೈವರ್ ಹೋಗಿದೆ" ಅಂದರೆ ಲ್ಯಾಪ್‌ಟಾಪ್ ಮಾತು. "ಡ್ರೈವರ್ ಹೋಗಿದಾನೆ" ಅಂದರೆ ಯಾರೋ ಊಟಕ್ಕೆ ಹೋಗಿದ್ದಾರೆ. ಪದ ಅದೇ, ಕೊನೆಯ ತುಣುಕು ಬೇರೆ. ಯಾವ ವ್ಯಾಕರಣ ಪುಸ್ತಕವನ್ನೂ ತೆರೆಯದ ಹುಡುಗನೂ ಇದನ್ನು ತಪ್ಪು ಮಾಡುವುದಿಲ್ಲ. ಚಾಲಕ ಅಂತ ಬರೆದ ಕೂಡಲೇ ಕೈ ತಾನಾಗೇ "ಚಾಲಕನನ್ನು" ಅಂತ ಓಡುತ್ತದೆ, ಯಾಕೆಂದರೆ ಬಸ್ಸಿನಲ್ಲಿ, ಪೇಪರಿನ ಅಪಘಾತದ ಸುದ್ದಿಯಲ್ಲಿ ನಾವು ಆ ಪದ ನೋಡಿರುವುದೇ ಮನುಷ್ಯನಾಗಿ.

ಹಾಗಂತ "ಚಾಲಕವನ್ನು", "ಚಾಲಕಕ್ಕೆ" ಅನ್ನುವುದು ತಪ್ಪೇನೂ ಅಲ್ಲ. ಮಾಪಕ, ಸೂಚಕ, ಘಟಕ ಎಲ್ಲ ಇದೇ ಅಚ್ಚಿನವು, ಅವನ್ನು ನಾವು ವಸ್ತುವಾಗಿಯೇ ನಡೆಸಿಕೊಳ್ಳುತ್ತೇವೆ. ಘಟಕಕ್ಕೆ ಅಂತೇವೆ, ಘಟಕನಿಗೆ ಅಂತ ಯಾರೂ ಅನ್ನುವುದಿಲ್ಲ. ಹಾಗಾದರೆ ಚಾಲಕಕ್ಕೆ ಅಂದಾಗ ಯಾಕೆ ಹಲ್ಲಿಗೆ ಮರಳು ಸಿಕ್ಕಂತೆ ಆಗುತ್ತದೆ? ನನಗೆ ತೋಚುವುದು ಇಷ್ಟು: ಅಲ್ಲಿ ಆಗಲೇ ಒಬ್ಬ ಮನುಷ್ಯ ಕೂತಿದ್ದಾನೆ, ಸೀಟು ಖಾಲಿ ಇಲ್ಲ.

ಇಂಗ್ಲಿಷಿನವರು ಕಂಡಕ್ಟರ್ ಅಂತ ಬಸ್ಸಿನವನಿಗೂ ಅಂದರು, ಕರೆಂಟ್ ಹರಿಸುವ ತಾಮ್ರಕ್ಕೂ ಅಂದರು. ಕನ್ನಡದವರು ಎರಡನ್ನೂ ಒಂದೇ ಗಾಡಿಗೆ ಹತ್ತಿಸಲಿಲ್ಲ. ಬಸ್ಸಿನವನು ನಿರ್ವಾಹಕ, ತಾಮ್ರ ವಾಹಕ. ಎಷ್ಟು ಸಲೀಸಾಗಿ ಬಿಡಿಸಿಟ್ಟಿದ್ದಾರೆ ನೋಡಿ. ಆ ಬುದ್ಧಿ ಡ್ರೈವರ್ ವಿಷಯದಲ್ಲಿ ಯಾಕೆ ಓಡಲಿಲ್ಲವೋ. ತಂತ್ರಾಂಶ (ಸಾಫ್ಟ್‌ವೇರ್), ಯಂತ್ರಾಂಶ (ಹಾರ್ಡ್‌ವೇರ್), ದತ್ತಾಂಶದ (ಡೇಟಾ) ಸಾಲಿನಲ್ಲೇ "ಚಾಲಕಾಂಶ" ಅಂದರೆ ಹೇಗೆ? ಅಂಶ ಅಂತ ಬಂದ ಮೇಲೆ ಯಾವ ಹುಡುಗನೂ ಬಸ್ ಸ್ಟ್ಯಾಂಡಿಗೆ ಹೋಗುವುದಿಲ್ಲ. ಇದು ನನ್ನ ಮೊದಲ ಪ್ರಶ್ನೆ.

ಚಿತ್ರದುರ್ಗದ ಗೆಳೆಯನೊಬ್ಬ ಫೋನಿನಲ್ಲಿ ಬೇರೆ ಪದ ಕೊಟ್ಟ: ಮಾವುತ. ಕೇಳಿದ ಕೂಡಲೇ ಖುಷಿಯಾಯಿತು. ಆನೆಗೆ ಬಲ ಇದೆ, ಆದರೆ ಅದರ ಭಾಷೆ ಅದರ ಮಾವುತನಿಗೆ ಮಾತ್ರ ಗೊತ್ತು. ಮನೆಯವರು "ಏಳು" ಅಂದರೆ ಏಳುವುದಿಲ್ಲ, ಮಾವುತ ಅಂದರೆ ಏಳುತ್ತದೆ. ವೈಫೈ ಚಿಪ್ಪೂ ಹಾಗೇ, ಅದರ ಮಾತು ಬಲ್ಲ ಡ್ರೈವರ್ ನಡುವೆ ನಿಂತು ಹೇಳಬೇಕು. ಪಾಠ ಹೇಳುವಾಗ ಈ ಹೋಲಿಕೆಯನ್ನೇ ಬಳಸುತ್ತಿದ್ದೇನೆ, ಚೆನ್ನಾಗಿ ಕೂರುತ್ತದೆ. ಆದರೆ ಚೀಟಿಗೆ ಆಗುವುದಿಲ್ಲ. ಮಾವುತನೂ ಗಂಡಸೇ, ಸುತ್ತಿಬಳಸಿ ಮತ್ತೆ "ಮಾವುತನನ್ನು ಹುಡುಕಿ" ಅಂತಲೇ ಬರೆಯಬೇಕು.

ಮನುಷ್ಯ ಅನ್ನಿಸುವ ಇನ್ನೊಬ್ಬರು ಕರ್ನಲ್. ಇಡೀ ಯಂತ್ರವನ್ನು ನಡೆಸುವ ಲಿನಕ್ಸಿನ ಒಳಭಾಗವೂ ಕರ್ನಲ್, ಸೈನ್ಯದ ಅಧಿಕಾರಿಯೂ ಕರ್ನಲ್. ಕನ್ನಡದಲ್ಲಿ ಬರೆದರೆ ಒಂದಕ್ಷರ ಹೆಚ್ಚುಕಮ್ಮಿ ಇಲ್ಲ. "ಹೊಸ ಕರ್ನಲ್ ಬಂದ ಮೇಲೆ ಹಳೆಯ ಚಾಲಕ ಕೆಲಸ ಬಿಟ್ಟ" ಅಂತ ನಾನೇ ಬರೆದಿದ್ದೆ, ಓದಿದರೆ ಮಿಲಿಟರಿ ಕ್ಯಾಂಟೀನಿನ ಕತೆ. ವಿಷಯ ಮಾತ್ರ ನಿಜ. ಕೆಲವು ಚಿಪ್ಪುಗಳ ಡ್ರೈವರ್ ಕರ್ನಲ್ ಜೊತೆ ಬರುವುದಿಲ್ಲ, ಹೊರಗಿಂದ ತಂದು ಕಟ್ಟಿಕೊಳ್ಳಬೇಕು. ಕರ್ನಲ್ ಬದಲಾದಾಗ ಅದನ್ನೂ ಮತ್ತೆ ಕಟ್ಟಬೇಕು. ಡಿಕೆಎಂಎಸ್ ಅನ್ನುವುದು ಈ ಕೆಲಸವನ್ನು ತಾನೇ ಮಾಡುತ್ತದೆ. ಅದನ್ನು ಹಾಕಿಕೊಳ್ಳದಿದ್ದರೆ ಅಪ್‌ಡೇಟ್ ಆದ ಮರುದಿನ ವೈಫೈ ಮಾಯ.

ಕರ್ನಲ್‌ಗೆ ತಿರುಳು ಅಂತ ಬರೆಯುವವರಿದ್ದಾರೆ. ನಮ್ಮ ಕಡೆಯವರಿಗೆ ಇನ್ನೂ ಹತ್ತಿರದ್ದು ಬೇಕಾದರೆ ಚಳ್ಳಕೆರೆಗೆ ಹೋಗಬೇಕು. ಅಲ್ಲಿ ಶೇಂಗಾ ಎಣ್ಣೆ ಮಿಲ್ಲುಗಳ ಊರಲ್ಲಿ ಸಿಪ್ಪೆ ಯಾವುದು, ಬೀಜ ಯಾವುದು ಅಂತ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಲಿನಕ್ಸಿಗೆ ಮಾದರಿಯಾದ ಯೂನಿಕ್ಸಿನಲ್ಲಿ ಒಳಗಿನದಕ್ಕೆ ಕರ್ನಲ್, ಹೊರಗಿನದಕ್ಕೆ ಶೆಲ್ ಅನ್ನುವುದೂ ಇದೇ ಕಾಳು-ಸಿಪ್ಪೆ ಲೆಕ್ಕ. ಆದರೆ "ಬೀಜವನ್ನು ಅಪ್‌ಡೇಟ್ ಮಾಡಿ" ಅಂತ ಬರೆಯುವ ಧೈರ್ಯ ನನಗಿಲ್ಲ. ಕರ್ನಲ್ ಅಂತಲೇ ಬಿಟ್ಟೆ, ಕ್ರಿಯಾಪದದಲ್ಲಿ "ಬಂತು", "ಹೋಯಿತು" ಅಂತ ಹಾಕಿ ಅಧಿಕಾರಿಯನ್ನು ದೂರ ಇಟ್ಟೆ.

ಈಗ ಅಕ್ಕನ ಮಗನ ಲ್ಯಾಪ್‌ಟಾಪಿಗೆ ಬರುತ್ತೇನೆ. ಅದೊಂದರಲ್ಲೇ ಮೂರು ಪದಗಳು ಕಾಲಿಗೆ ತೊಡರಿಕೊಂಡವು. ಯಂತ್ರದೊಳಗಿನ ಕಾರ್ಡ್‌ಗಳ ಪಟ್ಟಿ ತೋರಿಸುವ ಎಲ್‌ಎಸ್‌ಪಿಸಿಐ ಆಜ್ಞೆಯನ್ನು -nn ಸೇರಿಸಿ ಕೊಟ್ಟೆವು, ಕಾರ್ಡ್ ಕಾಣಿಸಿತು. ಚೌಕ ಕಂಸದಲ್ಲಿ ಎರಡು ತುಂಡಿನ ಸಂಖ್ಯೆ ಬರುತ್ತದಲ್ಲ, ಮೊದಲ ತುಂಡು ತಯಾರಿಸಿದವರದ್ದು, ಎರಡನೆಯದು ಆ ಮಾಡೆಲ್‌ನದು. 8086 ಅಂದರೆ ಇಂಟೆಲ್, 168ಸಿ ಅಂದರೆ ಅಥೆರಾಸ್, 14ಇ4 ಅಂದರೆ ಬ್ರಾಡ್‌ಕಾಮ್. ಡಬ್ಬದ ಮೇಲಿನ ಹೆಸರಿಗಿಂತ ಈ ಸಂಖ್ಯೆ ಮುಖ್ಯ, ಡ್ರೈವರ್ ಹುಡುಕುವುದು ಇದನ್ನು ಹಿಡಿದೇ. ಕರ್ನಲ್‌ಗೆ ಸೇರಿಕೊಂಡ ಡ್ರೈವರ್‌ಗಳನ್ನು ತೋರಿಸುವ ಎಲ್‌ಎಸ್‌ಮಾಡ್ ಪಟ್ಟಿಯಲ್ಲಿ ಡ್ರೈವರಿನ ಹೆಸರೂ ಇತ್ತು. ಆದರೂ ವೈಫೈ ಇಲ್ಲ. ಕರ್ನಲ್ ಬರೆದಿಟ್ಟ ಸಂದೇಶಗಳನ್ನು ತೆಗೆದು ನೋಡಿದರೆ, ಫರ್ಮ್‌ವೇರ್ ಲೋಡ್ ಆಗಲಿಲ್ಲ, ಎರರ್ ಮೈನಸ್ 2 ಅಂತ ಕೆಂಪಕ್ಷರ. "ನೆಗೆಟಿವ್ ಮಾರ್ಕಿಂಗಾ ಮಾಮ?" ಅಂದ ಹುಡುಗ. ಅಲ್ಲ, ಮೈನಸ್ 2 ಅಂದರೆ ಹೇಳಿದ ಜಾಗದಲ್ಲಿ ಆ ಫೈಲ್ ಇಲ್ಲ ಅಂತ.

ಈ ಫರ್ಮ್‌ವೇರ್‌ಗೆ ಏನನ್ನಬೇಕು? 1967ರಲ್ಲಿ ಆಷರ್ ಓಪ್ಲರ್ ಡೇಟಾಮೇಷನ್ ಪತ್ರಿಕೆಯಲ್ಲಿ ಈ ಪದ ಬಳಸಿದಾಗ ಹಾರ್ಡ್ ಮತ್ತು ಸಾಫ್ಟ್ ನಡುವೆ ಒಂದು ಮೆಟ್ಟಿಲು ಹಾಕಿದರು. ಇಂಗ್ಲಿಷಿನಲ್ಲಿ ಅದು ಗಟ್ಟಿ, ಬಿಗಿ, ಮೆದು ಅಂತ ಸಾಲಾಗಿ ನಿಲ್ಲುತ್ತದೆ. ನಾವು ಯಂತ್ರ-ತಂತ್ರ ಅಂತ ಬೇರೆ ದಾರಿ ಹಿಡಿದೆವು, ಅಲ್ಲಿ ಗಟ್ಟಿ-ಮೆದುವಿನ ಲೆಕ್ಕವೇ ಇಲ್ಲ, ನಡುವೆ ಮೆಟ್ಟಿಲು ಹಾಕಲು ಜಾಗ ಎಲ್ಲಿದೆ? ಹಾಗಾಗಿ ಹೆಸರನ್ನು ಬಿಟ್ಟು ಕೆಲಸ ನೋಡಿದೆ. ಇಂಥ ಕಾರ್ಡ್‌ಗಳು ಕರೆಂಟ್ ಹೋದ ಕೂಡಲೇ ಎಲ್ಲ ಮರೆಯುತ್ತವೆ. ಪ್ರತಿ ಸಲ ಹೊತ್ತಿಸಿದಾಗ ಡ್ರೈವರ್ ಡಿಸ್ಕಿನಿಂದ ಒಂದು ಫೈಲ್ ತೆಗೆದು ಕಾರ್ಡಿನೊಳಗೆ ತುಂಬುತ್ತದೆ, ಆಮೇಲೆ ಅದಕ್ಕೆ ತನ್ನ ಕೆಲಸ ಏನು ಅಂತ ನೆನಪಾಗುತ್ತದೆ. ಹಾಗಾಗಿ "ಒಳಪಾಠ" ಅಂತ ಬರೆದೆ. ಮಾವುತ ದಿನಾ ಬೆಳಿಗ್ಗೆ ಆನೆಗೆ ಪಾಠ ಓದಿಸುತ್ತಾನೆ ಅಂದರೆ ಹುಡುಗರಿಗೆ ತಿಳಿಯಿತು. ಎಲ್ಲ ಕಾರ್ಡಿಗೂ ಇದು ಬೇಡ ಅನ್ನಿ, ಅಥೆರಾಸ್‌ನ ಎಟಿಎಚ್9ಕೆ ಡ್ರೈವರಿಗೆ ಒಳಗೆ ಕೂರುವ ಕಾರ್ಡ್‌ಗಳಿಗೆ ಫೈಲ್ ಕೇಳುವ ಅಭ್ಯಾಸ ಇಲ್ಲ. ಇಂಟೆಲ್‌ನ ಐಡಬ್ಲ್ಯುಎಲ್‌ವೈಫೈ ಡ್ರೈವರಿಗೆ ಬೇಕೇ ಬೇಕು. ಒಳಪಾಠ ನಿಮ್ಮ ಕಿವಿಗೆ ಹೇಗೆ ಕೇಳಿಸುತ್ತದೆ? ಶಾಲೆಯ ವಾಸನೆ ಜಾಸ್ತಿ ಆಯಿತಾ?

ಆ ಫೈಲ್ ತರಬೇಕಲ್ಲ, ಅಲ್ಲಿ ಎರಡನೇ ಎಡವಟ್ಟು. ಅದು ಇರುವ ವಿಭಾಗದ ಹೆಸರಲ್ಲಿ "ನಾನ್-ಫ್ರೀ" ಅಂತಿದೆ. ನಾನು ಚೀಟಿಯಲ್ಲಿ "ಉಚಿತವಲ್ಲದ ಫರ್ಮ್‌ವೇರ್" ಅಂತ ಗೀಚಿದ್ದೆ. ಪಕ್ಕದ ಮನೆಯ ಹುಡುಗಿ ಮೆಲ್ಲಗೆ ಕೇಳಿದಳು, "ಅಂಕಲ್, ಎಷ್ಟಾಗುತ್ತೆ?" ಅಯ್ಯೋ ಅನ್ನಿಸಿತು. ಒಂದು ಪೈಸೆಯೂ ಇಲ್ಲ. ಅದರ ಮೂಲ ಬರಹ ಸಿಗುವುದಿಲ್ಲ, ತಿದ್ದಿ ಹಂಚುವ ಹಕ್ಕಿಲ್ಲ, ಅಷ್ಟೇ ಅದರ ಅರ್ಥ. ಇಂಗ್ಲಿಷಿನ ಫ್ರೀ ಎರಡೂ ಕಡೆ ವಾಲುತ್ತದೆ, ನಮ್ಮಲ್ಲಿ ಉಚಿತ ಬೇರೆ, ಮುಕ್ತ ಬೇರೆ. ಕೈಯಲ್ಲಿ ಎರಡು ಪದ ಇಟ್ಟುಕೊಂಡು ತಪ್ಪಾದದ್ದನ್ನು ಎತ್ತಿಕೊಂಡವನು ನಾನೇ. "ಮುಕ್ತವಲ್ಲದ, ಆದರೆ ದುಡ್ಡಿಲ್ಲದ" ಅಂತ ತಿದ್ದಿದೆ. ಉದ್ದವಾಯಿತು, ಆದರೆ ಯಾರೂ ಪರ್ಸ್ ಮುಟ್ಟಿ ನೋಡಿಕೊಳ್ಳುವುದಿಲ್ಲ. 2023ರ ಜೂನ್‌ನಲ್ಲಿ ಬಂದ ಡೆಬಿಯನ್ 12ರಿಂದ (ಡೆಬಿಯನ್ ಲಿನಕ್ಸಿನ ಒಂದು ಬಗೆ) ಇಂಥ ಫೈಲ್‌ಗಳು ಇನ್‌ಸ್ಟಾಲರ್ ಜೊತೆಗೇ ಬರುತ್ತವೆ. ಇವನದು ಹಳೆಯ ಡಿಸ್ಕ್.

ನೆಟ್ ಬರಲು ಫೈಲ್ ಬೇಕು, ಫೈಲ್ ಬರಲು ನೆಟ್ ಬೇಕು. ಹುಚ್ಚು ಬಿಡದೆ ಮದುವೆಯಾಗಲ್ಲ, ಮದುವೆಯಾಗದೆ ಹುಚ್ಚು ಬಿಡಲ್ಲ. ಫೋನನ್ನು ಯುಎಸ್‌ಬಿ ಕೇಬಲ್ಲಿಗೆ ಕಟ್ಟಿ, ಅದರ ನೆಟ್ಟನ್ನು ಲ್ಯಾಪ್‌ಟಾಪಿಗೆ ಕೊಡುವ ಟೆದರಿಂಗ್ ಆನ್ ಮಾಡಿ ತಂದೆವು. (ಟೆದರ್ ಅಂದರೆ ದನ ಕಟ್ಟುವ ಕಣ್ಣಿ. ಈ ಪದ ಕೇಳಿ ಅಪ್ಪನಿಗೆ ಮಾತ್ರ ಖುಷಿಯಾಯಿತು.)

ಇಲ್ಲೇ "ಇಳಿಸಿ" ಅನ್ನುವುದರ ಕಾಟ. ಡೌನ್‌ಲೋಡ್‌ಗೂ ಇಳಿಸಿ ಅಂತೇವೆ, ನಡೆಯುತ್ತಿರುವ ಡ್ರೈವರನ್ನು ಕರ್ನಲ್‌ನಿಂದ ತೆಗೆಯುವುದಕ್ಕೂ ಇಳಿಸಿ ಅಂತ ಬರೆದಿದ್ದೆ. "ಚಾಲಕವನ್ನು ಇಳಿಸಿ, ನಂತರ ಮತ್ತೆ ಏರಿಸಿ" ಅಂತ ಓದಿ ಒಬ್ಬ ಅದೇ ಫೈಲನ್ನು ಎರಡು ಸಲ ಡೌನ್‌ಲೋಡ್ ಮಾಡಿ ಕೂತಿದ್ದ. ನಾನು ಹೇಳಿದ್ದು ಮೋಡ್‌ಪ್ರೋಬ್ ಅನ್ನುವ ಆಜ್ಞೆಯಿಂದ ಡ್ರೈವರನ್ನು ತೆಗೆದು ಮತ್ತೆ ಹಾಕು ಅಂತ. ಈಗ ಡೌನ್‌ಲೋಡ್‌ಗೆ "ಇಳಿಸಿಕೊಳ್ಳಿ" ಅಂತಲೂ, ಇದಕ್ಕೆ ಅಂಗಡಿಯವರ ಮಾತಿನಂತೆ "ತೆಗೆಯಿರಿ, ಹಾಕಿ" ಅಂತಲೂ ಮಾಡಿದ್ದೇನೆ. ಒಂದು "ಕೊಳ್ಳು" ಎಷ್ಟು ಕೆಲಸ ಮಾಡುತ್ತದೆ ನೋಡಿ, ನಮ್ಮ ಹತ್ತಿರ ಬರುವುದು ಯಾವುದು, ಸುಮ್ನೆ ಕೆಳಗೆ ಬೀಳುವುದು ಯಾವುದು ಅಂತ ಅದೇ ಹೇಳಿಬಿಡುತ್ತದೆ. ಬೇಡದ ಡ್ರೈವರ್ ತಾನಾಗೇ ಬರದಂತೆ ತಡೆಯುವ ಬ್ಲ್ಯಾಕ್‌ಲಿಸ್ಟ್‌ಗೆ ಕಪ್ಪುಪಟ್ಟಿ ಸಾಕು, ಗುತ್ತಿಗೆದಾರರ ದಯೆಯಿಂದ ಎಲ್ಲರಿಗೂ ಗೊತ್ತಿರುವ ಪದ.

ಒಳಪಾಠ ತಂದು ಹಾಕಿ ಲ್ಯಾಪ್‌ಟಾಪ್ ಮತ್ತೆ ಹೊತ್ತಿಸಿದೆವು. ಎರರ್ ಹೋಯಿತು, ವೈಫೈ ಮಾತ್ರ ಇನ್ನೂ ಇಲ್ಲ. ವೈಫೈಗೆ ತಡೆ ಇದೆಯೇ ಅಂತ ಹೇಳುವ ಆರ್‌ಎಫ್‌ಕಿಲ್ ಪಟ್ಟಿ ನೋಡಿದರೆ, ಸಾಫ್ಟ್ ಬ್ಲಾಕ್ಡ್ ಯೆಸ್, ಹಾರ್ಡ್ ಬ್ಲಾಕ್ಡ್ ಯೆಸ್. ಇದನ್ನು "ಮೃದು ತಡೆ, ಕಠಿಣ ತಡೆ" ಅಂತ ಬರೆದು ನೋಡಿದೆ. ಮೃದು ತಡೆ ಅಂದರೆ ಯಾರೋ "ಬೇಡಪ್ಪ, ಹೋಗಬೇಡ" ಅಂತ ಪ್ರೀತಿಯಿಂದ ಹೇಳಿದ ಹಾಗಿದೆ. ಇದಕ್ಕೆ ಪದ ಕೊಟ್ಟಿದ್ದು ನಮ್ಮಕ್ಕ. ಸಾಫ್ಟ್ ಆದರೆ ಒಂದು ಆಜ್ಞೆ ಕೊಟ್ಟರೆ ಬಿಡುತ್ತದೆ, ಹಾರ್ಡ್ ಆದರೆ ಎಷ್ಟು ಆಜ್ಞೆ ಕೊಟ್ಟರೂ ಬಿಡಲ್ಲ, ಲ್ಯಾಪ್‌ಟಾಪಿನ ಮೈಮೇಲಿನ ಗುಂಡಿಯನ್ನೇ ಸರಿಸಬೇಕು ಅಂತ ವಿವರಿಸಿದೆ. ಅವಳು ಹೂ ಕಟ್ಟುತ್ತಾ ತಲೆ ಎತ್ತದೆ, "ಅಂದ್ರೆ ಒಂದು ಬಾಗ್ಲು ಮುಂದೆ ಮಾಡಿರೋದು, ಇನ್ನೊಂದು ಬೀಗ ಹಾಕಿರೋದು" ಅಂದಳು.

ಇಷ್ಟೇ ಅಲ್ವಾ! ಮುಂದೆ ಮಾಡಿದ ಬಾಗಿಲನ್ನು ತಳ್ಳಿದರೆ ಸಾಕು. ಬೀಗಕ್ಕೆ ಅದರ ಕೀಲಿಯೇ ಬೇಕು. ಎರಡೂ ಒಟ್ಟಿಗೆ ಇರಬಹುದು ಅನ್ನುವುದೂ ತಾನಾಗೇ ತಿಳಿಯುತ್ತದೆ. ಹುಡುಗ ಲ್ಯಾಪ್‌ಟಾಪನ್ನು ಎತ್ತಿ ತಿರುಗಿಸಿದ. ಮುಂದಿನ ಅಂಚಿನಲ್ಲಿ, ಧೂಳು ತುಂಬಿದ ಸಣ್ಣ ಜಾರುಗುಂಡಿ, ಕಿತ್ತಲೆ ಬಣ್ಣ ಕಾಣುವಂತೆ ಎಡಕ್ಕೆ ಸರಿದಿತ್ತು. ಉಗುರಿನಿಂದ ಬಲಕ್ಕೆ ಸರಿಸಿದ, ಆಮೇಲೆ ಅನ್‌ಬ್ಲಾಕ್ ಆಜ್ಞೆ ಕೊಟ್ಟ. ಮೂರು ಕಡ್ಡಿ ಬಂತು.

ಹಾಗಾಗಿ ಚೀಟಿಯಲ್ಲಿ "ಬಾಗಿಲು ಮುಂದೆ ಮಾಡಿದೆ" ಮತ್ತು "ಬೀಗ ಹಾಕಿದೆ" ಖಾಯಂ. ನನ್ನ ಅನುಮಾನ, ಬೇರೆ ಕಡೆಯವರಿಗೆ "ಮುಂದೆ ಮಾಡು" ಅಂದರೆ ಇದೇ ಅರ್ಥ ಬರುತ್ತದಾ? ಮಂಗಳೂರು, ಕಲಬುರಗಿ ಕಡೆಯವರು ದಯವಿಟ್ಟು ಹೇಳಿ, ಚಿಲಕ, ಅಗುಳಿ ಯಾವುದೂ ಹಾಕದೆ ಬರೀ ಎಳೆದುಬಿಟ್ಟ ಬಾಗಿಲಿಗೆ ನೀವು ಏನಂತೀರಿ?

ಚಾಲಕಾಂಶ, ಒಳಪಾಠ ಎರಡರ ಬಗ್ಗೆಯೂ ಒಂದೊಂದು ಸಾಲು ಬರೆದರೆ ಉಪಕಾರ. ಭಾನುವಾರ ಜೆರಾಕ್ಸಿಗೆ ಕೊಡಬೇಕು. ಅಷ್ಟರೊಳಗೆ ಏನೂ ತೀರ್ಮಾನ ಆಗದಿದ್ದರೆ "ಡ್ರೈವರ್ ಹೋಗಿದೆ" ಅಂತಲೇ ಅಚ್ಚು ಹಾಕಿಸುತ್ತೇನೆ.